ಅತ್ತೆಯವರ ಸಕ್ಕರೆ ಓದಿಕೆಯೂ ಮಗನ ಪ್ರಶ್ನೆಯೂ: ಸೂಫಿಗಳು, ಸಿಖ್ ಗುರುಗಳು ಸಮಾಜವನ್ನು ಬದಲಿಸಿದ್ದು ನಿಜವೇ?

ಪ್ರಶ್ನೆ: ನಾನು ಹುಮನಾಬಾದ್ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ನಡೆದುಕೊಳ್ಳುತ್ತಾರೆ. ಉರುಸಿಗೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದು ಮನೆಮಂದಿಗೆಲ್ಲ ಹಂಚುತ್ತಾರೆ. ಬೀದರಿಗೆ ಹೋದಾಗಲೆಲ್ಲ ನಾವು ಗುರುನಾನಕ್ ಝೀರಾ ಗುರುದ್ವಾರದಲ್ಲಿ ಊಟ ಮಾಡಿ, ಅಲ್ಲಿನ ನೀರು ತರುತ್ತೇವೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗ ಈ ಸಲ ರಜೆಗೆ ಬಂದವನು, ಸೂಫಿಗಳು ಸುಲ್ತಾನರ ಪರವಾಗಿ ಮತಾಂತರ ಮಾಡಿಸಲು ಬಂದವರೆಂದೂ, ಸಿಖ್ ಧರ್ಮ ಹಿಂದೂ ಮತ್ತು ಇಸ್ಲಾಂ ಧರ್ಮಗಳ ಬೆರಕೆಯೆಂದೂ, ನಾನಕರು ಕಬೀರರ ಶಿಷ್ಯರೆಂದೂ ವಾದಿಸಿದ. ಇದಕ್ಕೆ ತೀರ ವಿರುದ್ಧವಾಗಿ ಶಾಲೆಯ ಸಹೋದ್ಯೋಗಿಯೊಬ್ಬರು, ಅಮೃತಸರದ ಸ್ವರ್ಣಮಂದಿರಕ್ಕೆ ಅಡಿಗಲ್ಲು ಇಟ್ಟವರೇ ಒಬ್ಬ ಸೂಫಿ, ಆದ್ದರಿಂದ ಎಲ್ಲವೂ ಒಂದೇ ಎನ್ನುತ್ತಾರೆ. ಯಾರ ಮಾತು ನಿಜ? ಇವರು ಜಾತಿಯನ್ನು ಅಳಿಸಿದರು ಎಂದು ಪಾಠದಲ್ಲಿ ಹೇಳುತ್ತೇನೆ, ಆದರೆ ಜಾತಿ ಇನ್ನೂ ಇದೆಯಲ್ಲ ಎಂದು ಮಕ್ಕಳೇ ಕೇಳುತ್ತಾರೆ. ಅತ್ತೆಯವರನ್ನು ತಡೆಯಬೇಕೇ? ಮಕ್ಕಳಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಮನೆಯಲ್ಲಿ ಮೂರು ತಲೆಮಾರಿನ ನಡುವೆ ಒಂದು ನಂಬಿಕೆ ಬಿರುಕುಬಿಡುತ್ತಿದೆ ಎಂಬುದು ಒಂದು. ತರಗತಿಯಲ್ಲಿ ತಾವು ಹೇಳುತ್ತಿರುವುದು ಪೂರ್ತಿ ನಿಜವೋ ಅಲ್ಲವೋ ಎಂಬ ಶಿಕ್ಷಕಿಯ ಅಳುಕು ಇನ್ನೊಂದು. ಮಧ್ಯಯುಗದ ಇತಿಹಾಸವನ್ನು ಬಹುಕಾಲ ಕಲಿಸಿದ ನನಗೆ ಎರಡನೆಯದು ಬಹಳ ಪರಿಚಿತ. ಪಠ್ಯಪುಸ್ತಕದ ಎರಡು ಸಾಲು, ‘ಇವರು ಸಮಾನತೆಯನ್ನು ಸಾರಿದರು, ಜಾತಿಭೇದವನ್ನು ವಿರೋಧಿಸಿದರು’ ಎಂಬುದು, ಸುಳ್ಳಲ್ಲದಿದ್ದರೂ ಮಕ್ಕಳ ಒಂದೇ ಪ್ರಶ್ನೆಗೆ ಕುಸಿದುಬೀಳುತ್ತದೆ. ಅದು ಕುಸಿದ ಜಾಗದಲ್ಲಿ ಮೊಬೈಲಿನಲ್ಲಿ ಬರುವ ಯಾವುದೇ ಕಥೆ ಸುಲಭವಾಗಿ ಬಂದು ಕೂರುತ್ತದೆ.

ಅಡಿಗಲ್ಲಿನ ವಿಷಯ ಮೊದಲು. ಲಾಹೋರಿನ ಸೂಫಿ ಮಿಯಾನ್ ಮೀರ್ ಅವರು ಸಿಖ್ಖರ ಐದನೆಯ ಗುರು ಅರ್ಜನರ ಕೋರಿಕೆಯಂತೆ ಹರಿಮಂದಿರದ, ಅಂದರೆ ಸ್ವರ್ಣಮಂದಿರದ, ಅಡಿಗಲ್ಲು ಇಟ್ಟರು ಎಂಬ ಕಥೆ ಬಹಳ ಜನಪ್ರಿಯ. ಆದರೆ ಆ ಕಾಲದ ಸಿಖ್ ಬರಹಗಳಲ್ಲಿ ಅದಿಲ್ಲ, ಪಾರಸಿ ಬರಹಗಳಲ್ಲೂ ಇಲ್ಲ. ಅದು ಕಾಣಿಸಿಕೊಳ್ಳುವುದು 19ನೇ ಶತಮಾನದ ಬರಹಗಳಲ್ಲಿ. ಅದನ್ನು ಗೌರವದಿಂದ ‘ಹೀಗೊಂದು ನಂಬಿಕೆಯಿದೆ’ ಎಂದು ಹೇಳಬಹುದು, ಸಾಕ್ಷಿಯಾಗಿ ಬಳಸಬಾರದು. ನಾನಕರು (1469–1539) ಕಬೀರರ ಶಿಷ್ಯರಾಗಿದ್ದರು ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ಕಬೀರರ ವಚನಗಳು ಸಿಖ್ಖರ ಪವಿತ್ರ ಗ್ರಂಥದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇರುವುದರಿಂದ ಹುಟ್ಟಿದ ಊಹೆ ಅದು.

ಬೆರಕೆ ಎಂಬ ಮಾತನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಿಮ್ಮ ಮಗನೂ ಸಹೋದ್ಯೋಗಿಯೂ ಬೇರೆ ಬೇರೆ ಉದ್ದೇಶದಿಂದ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. 1604ರಲ್ಲಿ ಗುರು ಅರ್ಜನರು ಆ ಪವಿತ್ರ ಗ್ರಂಥವನ್ನು, ಅಂದರೆ ಆದಿಗ್ರಂಥವನ್ನು, ಸಂಕಲಿಸಿದಾಗ, ತಮ್ಮ ಮತ್ತು ಹಿಂದಿನ ನಾಲ್ವರು ಗುರುಗಳ ರಚನೆಗಳ ಜೊತೆಗೆ, ಹೊಲಿಗೆಯ ಕಸುಬಿನ ನಾಮದೇವ, ಚಮ್ಮಾರಿಕೆಯ ರವಿದಾಸ, ನೇಕಾರ ಕಬೀರ ಮತ್ತು ಪಂಜಾಬಿನ ಚಿಶ್ತಿ ಸೂಫಿ ಬಾಬಾ ಫರೀದ್ ಮುಂತಾದವರ ರಚನೆಗಳನ್ನೂ ಸೇರಿಸಿದರು. ಗುರುಗಳ ವಾಣಿಗೆ ಯಾವ ಗೌರವವೋ ಇವಕ್ಕೂ ಅದೇ. ಸಿಖ್ಖರು ತಲೆಬಾಗುವ ಗ್ರಂಥದೊಳಗೆ ಇವೆಲ್ಲವೂ ಇವೆ. ಆದರೆ ಸೇರಿಸಿದರು ಎಂದರೆ ಒಪ್ಪಿಕೊಂಡು ಸುಮ್ಮನಾದರು ಎಂದಲ್ಲ. ಫರೀದರ ಒಂದು ಶ್ಲೋಕದ ಭಾವ ಹೀಗಿದೆ: ದೇಹ ಒಲೆಯಂತೆ ಕಾಯುತ್ತಿದೆ, ಮೂಳೆಗಳು ಸೌದೆಯಂತೆ ಉರಿಯುತ್ತಿವೆ, ಕಾಲು ಸೋತರೆ ತಲೆಯ ಮೇಲೆ ನಡೆದಾದರೂ ಪ್ರಿಯನನ್ನು ಸೇರುತ್ತೇನೆ. ಅದರ ಬೆನ್ನಿಗೇ ನಾನಕರ ಉತ್ತರ ಬರುತ್ತದೆ: ದೇಹವನ್ನು ಒಲೆಯಂತೆ ಕಾಯಿಸಬೇಡ, ಮೂಳೆಯನ್ನು ಸೌದೆ ಮಾಡಬೇಡ, ಕಾಲೂ ತಲೆಯೂ ನಿನಗೇನು ಕೆಡುಕು ಮಾಡಿವೆ? ಪ್ರಿಯನನ್ನು ಒಳಗೇ ನೋಡು. ಫರೀದರು ವಿರಹಿ, ತಪಸ್ವಿ. ನಾನಕರು ಹೊಲ ಉತ್ತು, ಸಂಸಾರದಲ್ಲಿದ್ದು, ದೇಹವನ್ನು ದಂಡಿಸದೆ ನಾಮಸ್ಮರಣೆ ಮಾಡೆಂದವರು. ಈ ಭಿನ್ನಾಭಿಪ್ರಾಯವನ್ನು ಅಳಿಸದೆ, ಎದುರಿನವರ ಮಾತನ್ನೂ ಕತ್ತರಿಸದೆ, ಗುರು ಅರ್ಜನರು ಎರಡನ್ನೂ ಒಂದೇ ಪುಟದಲ್ಲಿ ಉಳಿಸಿಕೊಂಡಿದ್ದಾರೆ. ವಚನ, ಸ್ವರವಚನಗಳಲ್ಲಿ ಪ್ರಶ್ನೆಗೆ ಪ್ರಶ್ನೆ ಎದುರಾಗುವುದನ್ನು ಓದಿ ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ರೀತಿಯಲ್ಲ. ಬೆರಕೆಯಲ್ಲಿ ಎರಡೂ ಕರಗಿಹೋಗುತ್ತವೆ. ಇಲ್ಲಿ ಇಬ್ಬರೂ ಎದುರುಬದುರು ಕೂತಿದ್ದಾರೆ. ಮಕ್ಕಳಿಗೆ ಒಂದೇ ಒಂದು ಉದಾಹರಣೆ ಕೊಡಲು ಸಮಯವಿದ್ದರೆ ಈ ಎರಡು ಶ್ಲೋಕಗಳನ್ನೇ ಕೊಡಿ.

ಇನ್ನು ಸೂಫಿಗಳು ಸುಲ್ತಾನರ ಜನ ಎಂಬ ಆರೋಪ. ‘ಸೂಫಿಗಳು’ ಎಂದು ಒಂದೇ ಗುಂಪಾಗಿ ಮಾತನಾಡಿದ ತಕ್ಷಣ ನಾವು ಎಡವುತ್ತೇವೆ. ಅಜ್ಮೀರದ ಮುಈನುದ್ದೀನ್ (ನಿಧನ 1236), ಫರೀದ್, ದೆಹಲಿಯ ನಿಜಾಮುದ್ದೀನ್ ಔಲಿಯಾ (ನಿಧನ 1325) ಇವರ ಚಿಶ್ತಿ ಪರಂಪರೆ ಅರಮನೆಯಿಂದ ದೂರವಿರುವುದನ್ನು ನಿಯಮವಾಗಿಸಿಕೊಂಡಿತ್ತು. ನಿಜಾಮುದ್ದೀನರು ದೆಹಲಿಯಲ್ಲೇ ಇದ್ದೂ ಸುಲ್ತಾನರ ದರ್ಬಾರಿಗೆ ಹೋಗುವುದನ್ನು ತಪ್ಪಿಸಿಕೊಂಡವರು. ಅದೇ ಕಾಲದಲ್ಲಿ ಮುಲ್ತಾನಿನ ಸುಹ್ರವರ್ದಿ ಪರಂಪರೆಯವರು ರಾಜಾಶ್ರಯವನ್ನೂ ಸಂಪತ್ತನ್ನೂ ಸಂಕೋಚವಿಲ್ಲದೆ ಸ್ವೀಕರಿಸಿದರು. ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು: 1606ರಲ್ಲಿ ಜಹಾಂಗೀರನ ಆಜ್ಞೆಯಿಂದ ಗುರು ಅರ್ಜನರು ಲಾಹೋರಿನಲ್ಲಿ ಪ್ರಾಣ ತೆತ್ತಾಗ, ನಕ್ಷಬಂದಿ ಎಂಬ ಇನ್ನೊಂದು ಸೂಫಿ ಪರಂಪರೆಯ ಶೇಖ್ ಅಹ್ಮದ್ ಸಿರ್ಹಿಂದಿ ತಮ್ಮ ಪತ್ರವೊಂದರಲ್ಲಿ ಅದಕ್ಕೆ ಸಂತೋಷಪಟ್ಟಿದ್ದಾರೆ. ಎಲ್ಲ ಸೂಫಿಗಳೂ ಸರ್ವಧರ್ಮ ಸಮನ್ವಯದವರು ಎಂಬ ಮಾತು ಈ ಪತ್ರದ ಮುಂದೆ ನಿಲ್ಲುವುದಿಲ್ಲ. ಎಲ್ಲ ಸೂಫಿಗಳೂ ಸುಲ್ತಾನರ ಕೈಗೊಂಬೆಗಳು ಎಂಬ ಮಾತು ನಿಜಾಮುದ್ದೀನರ ಬದುಕಿನ ಮುಂದೆ ನಿಲ್ಲುವುದಿಲ್ಲ.

ನಿಮ್ಮ ಅತ್ತೆಯವರ ಬಂದೇನವಾಜರನ್ನೇ ತೆಗೆದುಕೊಳ್ಳಿ. ಬಂದೇನವಾಜ್ ಎಂದು ಹೆಸರಾದ ಸೈಯದ್ ಮುಹಮ್ಮದ್ ಹುಸೇನಿ ಗೇಸುದರಾಜ್ 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಚಿರಾಗ್ ದೆಹಲಿ ಎಂದು ಹೆಸರಾದ ನಸೀರುದ್ದೀನರ ಶಿಷ್ಯರಾಗಿ, 1398ರಲ್ಲಿ ತೈಮೂರನ ದಂಡು ದೆಹಲಿಯನ್ನು ಹಾಳುಮಾಡಿದ ಹೊತ್ತಿನಲ್ಲಿ, 80ರ ಸಮೀಪದ ವಯಸ್ಸಿನಲ್ಲಿ ಊರು ಬಿಟ್ಟು ದಕ್ಷಿಣಕ್ಕೆ ಬಂದರು. ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹ ಮೊದಲು ಅವರನ್ನು ಆದರದಿಂದ ಬರಮಾಡಿಕೊಂಡ. ಆಮೇಲೆ ಇಬ್ಬರ ಸಂಬಂಧ ಹಳಸಿತು. ಕೋಟೆಯ ಹತ್ತಿರವಿದ್ದ ಅವರ ಆಶ್ರಮವನ್ನು ದೂರಕ್ಕೆ ಸಾಗಿಸಬೇಕಾಯಿತು. ಫಿರೋಜನ ತಮ್ಮನಾದ ಅಹ್ಮದ್ ಬಂದೇನವಾಜರ ಭಕ್ತನಾಗಿದ್ದ; 1422ರಲ್ಲಿ ಅವನು ಪಟ್ಟಕ್ಕೆ ಬಂದ, ಅದೇ ವರ್ಷ ಬಂದೇನವಾಜರು ತೀರಿಕೊಂಡರು. ಅಂದರೆ ಅವರು ರಾಜಕೀಯದ ಸೋಂಕಿಲ್ಲದವರೂ ಆಗಿರಲಿಲ್ಲ, ಸುಲ್ತಾನ ಹೇಳಿದಂತೆ ಕೇಳುವವರೂ ಆಗಿರಲಿಲ್ಲ. ಅವರು ಶರೀಅತ್ತಿನ, ಅಂದರೆ ಇಸ್ಲಾಮಿನ ಧರ್ಮನಿಯಮಗಳ, ವಿಷಯದಲ್ಲಿ ಕಟ್ಟುನಿಟ್ಟಿನ ವಿದ್ವಾಂಸರು; ತಾನು ಸಂಸ್ಕೃತದ ಗ್ರಂಥಗಳನ್ನು ಓದಿಕೊಂಡು ಬ್ರಾಹ್ಮಣರೊಡನೆ ವಾದ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ, ಮತ್ತು ಆ ವಾದ ಗೆಲ್ಲುವ ಉದ್ದೇಶದ ವಾದ. ಇದನ್ನು ಮುಚ್ಚಿಡಬೇಕಾಗಿಲ್ಲ. ದಖನಿ ಭಾಷೆಯ (ದಖ್ಖನ್ನಿನಲ್ಲಿ ಬೆಳೆದ ಹಳೆಯ ಉರ್ದುವಿನ) ಮೊದಲ ಗದ್ಯಕೃತಿ ಅವರದು ಎಂದು ಬಹಳ ಕಾಲ ಪಾಠ ಹೇಳಿದ್ದೂ ಉಂಟು. ಆ ಕೃತಿ ನಂತರದ ಕಾಲದ ಬೇರೊಬ್ಬರದು ಎಂಬುದು ಆಮೇಲಿನ ಸಂಶೋಧನೆಯಿಂದ ಹೊರಬಿದ್ದಿದೆ.

ಹಾಗಾದರೆ ಮತಾಂತರ? ಅದು ನಡೆಯಿತು, ಆದರೆ ನಿಮ್ಮ ಮಗ ಕಲ್ಪಿಸಿಕೊಂಡ ರೀತಿಯಲ್ಲಿ ಅಲ್ಲ. ಫರೀದರ ಸಮಾಧಿ ಇರುವ ಪಾಕ್‌ಪಟ್ಟನ್, ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿದೆ. ಆ ದರ್ಗಾಕ್ಕೆ ನಡೆದುಕೊಳ್ಳುತ್ತಿದ್ದ ಸಿಯಾಲ್ ಎಂಬ ಕುಲದ ವಂಶಾವಳಿಯನ್ನು ಪರಿಶೀಲಿಸಿದವರಿಗೆ ಕಂಡದ್ದು ಏನೆಂದರೆ, 15ನೇ ಶತಮಾನದ ಆರಂಭದಲ್ಲಿ ಆ ಕುಲದ ಗಂಡಸರಲ್ಲಿ ಮುಸ್ಲಿಂ ಹೆಸರು ಹೊತ್ತವರು ಅಲ್ಲೊಬ್ಬ ಇಲ್ಲೊಬ್ಬ. ಎಲ್ಲರದೂ ಮುಸ್ಲಿಂ ಹೆಸರೇ ಆಗಲು 19ನೇ ಶತಮಾನದ ಆರಂಭದವರೆಗೆ ಕಾಯಬೇಕಾಯಿತು. ಫರೀದರು ತೀರಿಕೊಂಡದ್ದು 13ನೇ ಶತಮಾನದಲ್ಲಿ. ಯಾರೂ ಒಂದು ಬೆಳಿಗ್ಗೆ ಎದ್ದು ಧರ್ಮ ಬದಲಿಸಲಿಲ್ಲ. ಉರುಸಿಗೆ ಹೋದರು, ಹರಕೆ ಹೊತ್ತರು, ದರ್ಗಾದ ಮನೆತನದೊಡನೆ ಸಂಬಂಧ ಬೆಳೆಸಿದರು, ಒಬ್ಬ ಮೊಮ್ಮಗನಿಗೆ ಪೀರರ ಹೆಸರಿಟ್ಟರು; ಹಾಗೆ ಹತ್ತಾರು ತಲೆಮಾರು ಕಳೆಯಿತು.

ಈ ಬದಲಾವಣೆ ಪಂಜಾಬಿನಲ್ಲಿ ಅಷ್ಟು ಬೇರೂರಲು ಕಾರಣ ಆ ನೆಲದ ಸ್ಥಿತಿಯಲ್ಲಿದೆ. ಸಿಂಧ್ ಕಡೆಯಿಂದ ದನ ಮೇಯಿಸಿಕೊಂಡು ಉತ್ತರಕ್ಕೆ ಬಂದ ಜಾಟ್ ಕುಲಗಳು, ಎತ್ತು ತಿರುಗಿಸುವ ಹಲ್ಲುಚಕ್ರದಿಂದ ಬಾವಿಯ ನೀರೆತ್ತುವ ಸಾಧನ ಹರಡುತ್ತಿದ್ದಂತೆ ನಿಂತ ನೆಲದ ರೈತರಾದರು. ಅವರ ಕೈಗೆ ಹೊಲ ಬಂತು, ಧಾನ್ಯ ಬಂತು, ಆದರೆ ಹಳೆಯ ಶಾಸ್ತ್ರಗಳ ಏಣಿಯಲ್ಲಿ ಅವರಿಗೆ ಗೌರವದ ಮೆಟ್ಟಿಲು ಇರಲಿಲ್ಲ. ಗೌರವ ಕೊಡುವ ಬಾಗಿಲನ್ನು ಹುಡುಕುತ್ತಿದ್ದ ಇಂಥವರಲ್ಲಿ ಪಶ್ಚಿಮದ ಕುಲಗಳು ಫರೀದರ ದರ್ಗಾಕ್ಕೆ ಬಂದವು, ಮಧ್ಯ ಪಂಜಾಬಿನ ಅನೇಕ ಕುಲಗಳು ಗುರುಗಳ ಬಳಿಗೆ ಬಂದವು. ಒಂದೇ ಹಸಿವಿಗೆ ಎರಡು ಮನೆಗಳಲ್ಲಿ ಊಟ ಸಿಕ್ಕಿತು ಎಂದರೆ ಅತಿಶಯವಲ್ಲ, ಏಕೆಂದರೆ ನಿಜಕ್ಕೂ ಊಟವೇ ಇಲ್ಲಿ ಮುಖ್ಯವಾಗಿತ್ತು.

ನನ್ನ ಅನುಭವದಲ್ಲಿ ಈ ಗುರುಗಳ ಪ್ರಭಾವವನ್ನು ಉಪದೇಶದಲ್ಲಿ ಹುಡುಕುವವರಿಗೆ ಸಿಗುವುದು ಕಡಿಮೆ. ಅಡುಗೆಮನೆಯಲ್ಲಿ, ಆಡುಮಾತಿನಲ್ಲಿ, ಹಾಡಿನಲ್ಲಿ ಹುಡುಕಬೇಕು. ದೇವರ ಮುಂದೆ ಎಲ್ಲರೂ ಸಮಾನರು ಎಂದು ಹೇಳಿದವರು ಭಾರತದಲ್ಲಿ ಬಹಳ ಮಂದಿ. ಆದರೆ ಯಾರ ಪಕ್ಕದಲ್ಲಿ ಕೂತು, ಯಾರು ಬೇಯಿಸಿದ್ದನ್ನು ಉಣ್ಣಬೇಕು ಎಂಬ ಕಡೆಗೆ ಕೈ ಹಾಕಿದವರು ಕಡಿಮೆ, ಏಕೆಂದರೆ ಜಾತಿಯ ನಿಜವಾದ ಕಾವಲು ಇರುವುದೇ ಅಲ್ಲಿ. ಸೂಫಿ ಆಶ್ರಮಗಳಲ್ಲಿ ಬಂದವರಿಗೆಲ್ಲ ಊಟವಿಡುವ ಲಂಗರ್ ಇತ್ತು. ಫರೀದರ ಮನೆಗೆ ಯೋಗಿಗಳೂ ಬಂದು ಮಾತನಾಡಿ ಹೋಗುತ್ತಿದ್ದರೆಂಬುದು ನಿಜಾಮುದ್ದೀನರ ಮಾತುಗಳ ಸಮಕಾಲೀನ ದಾಖಲೆಯಲ್ಲೇ ಇದೆ. ಸಿಖ್ ಗುರುಗಳು ಆ ಹೆಸರನ್ನೇ ಬಳಸಿದರು, ಆದರೆ ಅದರ ಸ್ವರೂಪ ಬದಲಿಸಿದರು. ಸೂಫಿ ಲಂಗರಿನಲ್ಲಿ ಪೀರರ ಮನೆ ಕೊಡುತ್ತದೆ, ಬಂದವರು ಉಣ್ಣುತ್ತಾರೆ. ಸಿಖ್ ಲಂಗರಿನಲ್ಲಿ ಬಂದವರೇ ಹಿಟ್ಟು ನಾದಬೇಕು, ರೊಟ್ಟಿ ತಟ್ಟಬೇಕು, ಪಾತ್ರೆ ತೊಳೆಯಬೇಕು. ಎಲ್ಲರೂ ನೆಲದ ಮೇಲೆ ಒಂದೇ ಪಂಕ್ತಿ. ಮೂರನೆಯ ಗುರು ಅಮರದಾಸರು, ಮೊದಲು ಪಂಕ್ತಿಯಲ್ಲಿ ಕೂತು ಊಟ, ಆಮೇಲೆ ದರ್ಶನ ಎಂಬ ಕಟ್ಟಳೆ ಮಾಡಿದರೆಂದು ಪರಂಪರೆ ಹೇಳುತ್ತದೆ. ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ಕೊಡುವ ದಸ್ವಂಧ್ ಪದ್ಧತಿ ಬೆಳೆದದ್ದರಿಂದ ಈ ಅಡುಗೆಮನೆ ಯಾವ ಸುಲ್ತಾನನ ಉಂಬಳಿಯನ್ನೂ ಕಾಯಬೇಕಾಗಿರಲಿಲ್ಲ. ಕಾಯಕ, ದಾಸೋಹಗಳ ಅರ್ಥ ಬಲ್ಲ ನಿಮ್ಮ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಆದರೆ 12ನೇ ಶತಮಾನದ ಕಲ್ಯಾಣದಿಂದ ನಾನಕರಿಗೆ ದಾಸೋಹ ಹೋಯಿತು ಎಂದು ಗಂಟು ಹಾಕಬೇಡಿ. ಹೋಲಿಕೆ ಇದೆ, ಆ ದಾರಿಗೆ ದಾಖಲೆಯಿಲ್ಲ.

ಭಾಷೆಯ ವಿಷಯ ನಮ್ಮ ಕಡೆಗೇ ಸೇರಿದ್ದು. ಬಿಜಾಪುರದ ಸೂಫಿಗಳು 16 ಮತ್ತು 17ನೇ ಶತಮಾನಗಳಲ್ಲಿ ಪಾರಸಿಯನ್ನು ಬಿಟ್ಟು ದಖನಿಯಲ್ಲಿ ಬರೆದರು. ಅವರ ಸುತ್ತ ಬೆಳೆದ ‘ಚಕ್ಕಿನಾಮಾ’ ಎಂಬ ಹಾಡುಗಳು ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತು ಹಾಡುವಂಥವು. ಕಲ್ಲಿನ ಗೂಟ, ಸುತ್ತುವ ಕೈ, ಉದುರುವ ಹಿಟ್ಟು ಎಲ್ಲವೂ ಅಲ್ಲಿ ದೇವರ ಸ್ಮರಣೆಯ ಮಾತಾಗುತ್ತವೆ. ನಮ್ಮ ಬೀಸುಕಲ್ಲಿನ ಪದಗಳನ್ನು ಕೇಳಿದವರಿಗೆ ಇದರ ಬಲ ಎಷ್ಟೆಂದು ಹೇಳಬೇಕಾಗಿಲ್ಲ. ಆಶ್ರಮದ ಹೊಸ್ತಿಲು ದಾಟದ ಹೆಂಗಸಿನ ಬಾಯಿಗೆ ತತ್ವ ತಲುಪಿದ್ದು ಹೀಗೆ, ಮತ್ತು ಆಕೆಯಿಂದ ತೊಡೆಯ ಮೇಲಿನ ಮಗುವಿಗೆ. ಪಂಜಾಬಿನಲ್ಲಿ ಎರಡನೆಯ ಗುರು ಅಂಗದರು ಪಂಜಾಬಿ ಬರೆಯುವ ಗುರುಮುಖಿ ಲಿಪಿಯನ್ನು ರೂಢಿಗೆ ತಂದರು. ಹಾಡಿನ ಮಟ್ಟಿಗೆ ಹೇಳುವುದಾದರೆ, ನಾನಕರೊಡನೆ ಊರೂರು ತಿರುಗಿ ರಬಾಬ್ ಎಂಬ ತಂತಿವಾದ್ಯ ನುಡಿಸಿದ ಭಾಯಿ ಮರ್ದಾನಾ ಮುಸ್ಲಿಮರು. ಆ ಪರಂಪರೆಯ ಮುಸ್ಲಿಂ ರಬಾಬಿಗಳು 1947ರ ದೇಶವಿಭಜನೆಯವರೆಗೆ ಅಮೃತಸರದ ಹರಿಮಂದಿರದಲ್ಲಿ ಕೀರ್ತನೆ ಹಾಡಿದರು. ಅಡಿಗಲ್ಲಿನ ಕಥೆಗಿಂತ ಈ ಸಂಗತಿ ಗಟ್ಟಿ; ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ.

ಈಗ ಮಕ್ಕಳ ಪ್ರಶ್ನೆ, ಜಾತಿ ಏಕೆ ಹೋಗಲಿಲ್ಲ ಎಂಬುದು. ಬೀದರ್ ಜಿಲ್ಲೆಯ ಮಕ್ಕಳಿಗೆ ಹೇಳಲು ನಿಮ್ಮ ಬಳಿ ಒಂದು ಅಪರೂಪದ ಉದಾಹರಣೆಯಿದೆ. 1699ರಲ್ಲಿ ಗುರು ಗೋವಿಂದಸಿಂಗರು ಆನಂದಪುರದಲ್ಲಿ ಖಾಲ್ಸಾ ಎಂಬ ದೀಕ್ಷಿತ ಸಿಖ್ಖರ ಸಂಘ ಕಟ್ಟಿದಾಗ, ಗುರುಗಳು ಕೇಳಿದರೆಂದು ತಮ್ಮ ತಲೆ ಕೊಡಲು ಎದ್ದುನಿಂತ ಐವರು, ಸಿಖ್ ಪರಂಪರೆಯ ಪ್ರಕಾರ, ವ್ಯಾಪಾರಿ ಕುಲದ ಒಬ್ಬ ಖತ್ರಿ, ಒಬ್ಬ ಜಾಟ್ ರೈತ, ಒಬ್ಬ ನೀರು ಹೊರುವವ, ಒಬ್ಬ ಬಟ್ಟೆಗೆ ಅಚ್ಚು ಹಾಕುವವ ಮತ್ತು ಒಬ್ಬ ಕ್ಷೌರಿಕ. ಆ ಕ್ಷೌರಿಕ, ಭಾಯಿ ಸಾಹಿಬ್ ಸಿಂಗ್, ಬೀದರಿನವರು. ಐವರಿಗೂ ಒಂದೇ ಬಟ್ಟಲಿನಿಂದ ಅಮೃತ ಕುಡಿಸಿ, ಆಮೇಲೆ ಗುರುಗಳೇ ಅವರ ಕೈಯಿಂದ ದೀಕ್ಷೆ ಪಡೆದರು. ಇಷ್ಟು ದೊಡ್ಡ ಹೆಜ್ಜೆಯ ನಂತರವೂ, 1920ರಲ್ಲಿ ದಲಿತ ಹಿನ್ನೆಲೆಯ ಸಿಖ್ಖರು ತಂದ ಪ್ರಸಾದವನ್ನು ಹರಿಮಂದಿರದ ಅಂದಿನ ಪೂಜಾರಿಗಳು ಸ್ವೀಕರಿಸಲು ಹಿಂಜರಿದರು. ಅದರ ವಿರುದ್ಧದ ಪ್ರತಿಭಟನೆ ಗುರುದ್ವಾರ ಸುಧಾರಣೆಯ ಚಳವಳಿಗೆ ಬಲ ಕೊಟ್ಟು 1925ರ ಗುರುದ್ವಾರ ಕಾಯಿದೆಗೆ ದಾರಿಯಾಯಿತು. ಇಂದಿಗೂ ಪಂಜಾಬಿನ ಕೆಲವು ಹಳ್ಳಿಗಳಲ್ಲಿ ಜಾತಿವಾರು ಗುರುದ್ವಾರಗಳೂ ಸ್ಮಶಾನಗಳೂ ಇವೆ. ದರ್ಗಾಗಳಲ್ಲೂ ಹಾಗೆಯೇ: ಪೀಠ ವಂಶಪಾರಂಪರ್ಯವಾಯಿತು, ಉಂಬಳಿ ಭೂಮಿ ಸೇರಿತು, ಪ್ರವಾದಿಯ ವಂಶದವರೆನ್ನುವ ಸೈಯದ್ ಮನೆತನದ ಹೆಮ್ಮೆ ಉಳಿಯಿತು, ಹಲವು ಕಡೆ ಹೆಂಗಸರಿಗೆ ಸಮಾಧಿಯ ಕೋಣೆಯೊಳಗೆ ಪ್ರವೇಶವಿಲ್ಲ.

ನನಗೆ ತಿಳಿದಂತೆ ಇದರ ಕಾರಣ ಸರಳ ಮತ್ತು ಕಠಿಣ. ಈ ಗುರುಗಳು ಪಂಕ್ತಿಯನ್ನು ಬದಲಿಸಿದರು. ಹೊಲದ ಒಡೆತನವನ್ನೂ ಮದುವೆಯ ಸಂಬಂಧವನ್ನೂ ಆ ಮಟ್ಟಿಗೆ ಬದಲಿಸಲಾಗಲಿಲ್ಲ. ಹತ್ತು ಗುರುಗಳೂ ಖತ್ರಿ ಕುಲದವರೇ, ಮತ್ತು ನಾಲ್ಕನೆಯ ಗುರುವಿನ ನಂತರ ಗುರುಪೀಠ ಒಂದೇ ಸೋಢಿ ಮನೆತನದಲ್ಲಿ ಉಳಿಯಿತು. ಊಟ ಒಟ್ಟಿಗೆ, ಹೆಣ್ಣು ಕೊಡುವುದು ಬೇರೆ ಎಂಬ ಸ್ಥಿತಿ ಹಾಗೇ ಇತ್ತು. ಹಾಗೆಂದು ಏನೂ ಆಗಲಿಲ್ಲವೇ? ಸತ್ತ ಗಂಡನೊಡನೆ ಸುಟ್ಟುಕೊಳ್ಳುವವಳು ಸತಿಯಲ್ಲ ಎಂದು ಅಮರದಾಸರು 16ನೇ ಶತಮಾನದಲ್ಲಿ ಹಾಡಿದರು. ರಾಜರನ್ನೇ ಹೆರುವವಳನ್ನು ಕೀಳೆಂದು ಏಕೆ ಕರೆಯುತ್ತೀರಿ ಎಂದು ಅದಕ್ಕೂ ಮೊದಲೇ ನಾನಕರು ಕೇಳಿದರು. 1920ರಲ್ಲಿ ಪೂಜಾರಿಗಳನ್ನು ಪ್ರಶ್ನಿಸಿದವರ ಕೈಯಲ್ಲಿ ಇದ್ದದ್ದೂ ಗುರುಗಳ ಇಂಥ ವಾಣಿಯೇ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ನೋಡೋಣ. ಅತ್ತೆಯವರನ್ನು ತಡೆಯುವುದು ಒಂದು. ಇದರಿಂದ ಮಗನ ವಾದ ಗೆದ್ದಂತೆ ಕಾಣಬಹುದು, ಆದರೆ ಆ ವಾದ ಅರ್ಧ ಸತ್ಯದ ಮೇಲೆ ನಿಂತಿದೆ, ಮತ್ತು ಇಡೀ ಬದುಕು ನಡೆದುಕೊಂಡು ಬಂದ ಹೆಂಗಸಿಗೆ ಅದು ಅವಮಾನ. ಅವರು ಅಲ್ಲಿಗೆ ಹೋಗುವುದು ಶತಮಾನಗಳ ಹಿಂದಿನ ವಾದದಲ್ಲಿ ಗೆದ್ದವರು ಯಾರೆಂದು ತಿಳಿಯಲು ಅಲ್ಲ. ತಮ್ಮ ಸಂಕಟವನ್ನು ಹೇಳಿಕೊಳ್ಳಲು. ನಾನಂತೂ ತಡೆಯಬೇಡಿ ಎನ್ನುತ್ತೇನೆ. ಎರಡನೆಯದು, ಎಲ್ಲವೂ ಒಂದೇ ಎಂದು ಮಗನ ಬಾಯಿ ಮುಚ್ಚಿಸುವುದು. ಇದು ಮನೆಯಲ್ಲಿ ಶಾಂತಿ ತರಬಹುದು, ಆದರೆ ಸಿರ್ಹಿಂದಿಯ ಪತ್ರವನ್ನೋ ಬಂದೇನವಾಜರ ವಾದವನ್ನೋ ಅವನು ಎಲ್ಲಾದರೂ ಓದಿದ ದಿನ, ತಾಯಿ ತನಗೆ ಸುಳ್ಳು ಹೇಳಿದಳು ಎಂದುಕೊಳ್ಳುತ್ತಾನೆ. ಜೊತೆಗೆ, ತಮ್ಮದು ಸ್ವತಂತ್ರ ಧರ್ಮವೆಂದು ತಿಳಿದಿರುವ ಸಿಖ್ಖರಿಗೂ, ಬಂದೇನವಾಜರನ್ನು ತಮ್ಮ ಧರ್ಮದ ದೊಡ್ಡ ವಿದ್ವಾಂಸರೆಂದು ಗೌರವಿಸುವ ಮುಸ್ಲಿಮರಿಗೂ ಈ ಮಾತಿನಿಂದ ನೋವಾಗಬಹುದು.

ಮೂರನೆಯದು, ವ್ಯತ್ಯಾಸ ತಿಳಿದೇ ಹೋಗುವುದು. ಇದರಲ್ಲೂ ಒಂದು ಅಪಾಯವಿದೆ: ಎರಡೂ ಕಡೆಯವರಿಗೆ ನೀವು ಅರೆಮನಸ್ಸಿನವರಂತೆ ಕಾಣುವಿರಿ, ಮತ್ತು ಪ್ರತಿ ಪ್ರಶ್ನೆಗೂ ಉದ್ದ ಉತ್ತರ ಕೊಡಬೇಕಾಗುತ್ತದೆ. ಆದರೂ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ನಿಮ್ಮ ನೆಲದ ಜನ ಇದನ್ನು ಶತಮಾನಗಳಿಂದ ಮಾಡಿಕೊಂಡು ಬಂದಿದ್ದಾರೆ. ಬೀದರಿನ ಹತ್ತಿರದ ಅಷ್ಟೂರಿನಲ್ಲಿ, ಬಂದೇನವಾಜರ ಭಕ್ತನಾಗಿದ್ದ ಅದೇ ಅಹ್ಮದ್ ಶಾಹನ ಸಮಾಧಿಯ ಜಾತ್ರೆಗೆ ಇಂದಿಗೂ ಕಲಬುರಗಿ ಕಡೆಯ ಜಂಗಮರೊಬ್ಬರು ಬರುತ್ತಾರೆ. ಮುಸ್ಲಿಮರಿಗೆ ಆ ಅಹ್ಮದ್ ಶಾಹ ವಲಿ, ಅಂದರೆ ಸಂತ; ಅಲ್ಲಿಗೆ ಬರುವ ಅನೇಕ ಹಿಂದೂಗಳಿಗೆ ಅಲ್ಲಮಪ್ರಭು. ಯಾರೂ ಇನ್ನೊಬ್ಬರ ಹೆಸರನ್ನು ಅಳಿಸಲು ಹೋಗಿಲ್ಲ.

ತರಗತಿಯಲ್ಲಿ ‘ಜಾತಿಯನ್ನು ಅಳಿಸಿದರು’ ಎಂಬ ಸಾಲನ್ನು ಬಿಟ್ಟು, ‘ಜಾತಿ ಕಾವಲಿದ್ದ ಊಟದ ಪಂಕ್ತಿಯನ್ನು ತೆರೆದರು, ಹೊಲ ಮತ್ತು ಮದುವೆಯಲ್ಲಿ ಅದು ಉಳಿಯಿತು’ ಎಂದು ಹೇಳಿ. ಸಾಧ್ಯವಾದರೆ ಮಕ್ಕಳನ್ನು ಗುರುನಾನಕ್ ಝೀರಾಕ್ಕೆ ಕರೆದುಕೊಂಡು ಹೋಗಿ. ನಾನಕರು ಇಲ್ಲಿಗೆ ಬಂದು, ಸಿಹಿನೀರಿಲ್ಲದ ಊರಿನಲ್ಲಿ ಕಲ್ಲು ಸರಿಸಿ ಝರಿ ಹರಿಸಿದರು ಎಂಬುದು ಭಕ್ತರ ನಂಬಿಕೆ. ಅದನ್ನು ನಂಬಿಕೆಯೆಂದೇ ಹೇಳಿ. ತಲೆಗೆ ಬಟ್ಟೆ ಕಟ್ಟಿಸಿ, ಕಾಲು ತೊಳೆಸಿ, ಪಂಕ್ತಿಯಲ್ಲಿ ಕೂರಿಸಿ. ಊಟವಾದ ಮೇಲೆ ಅಲ್ಲಿನವರ ಅನುಮತಿ ಕೇಳಿ ಅರ್ಧ ಗಂಟೆ ತಟ್ಟೆ ತೊಳೆಯಲು ನಿಲ್ಲಿಸಿ, ಪಕ್ಕದಲ್ಲಿ ನಿಂತು ತೊಳೆಯುತ್ತಿರುವವರು ಯಾರು, ಎಲ್ಲಿಂದ ಬಂದವರು ಎಂದು ಮಾತನಾಡಿಸಲು ಹೇಳಿ. ಮಗನೂ ಮುಂದಿನ ರಜೆಗೆ ಬಂದಾಗ ಅವನನ್ನು ಅತ್ತೆಯವರ ಜೊತೆ ಕಲಬುರಗಿಗೆ ಕಳಿಸಿ. ಅವರು ಮೊದಲ ಸಲ ಅಲ್ಲಿಗೆ ಯಾವ ಸಂಕಟಕ್ಕೆ ಹೋಗಿದ್ದರು ಎಂಬುದನ್ನು ದಾರಿಯಲ್ಲಿ ಅವನೇ ಕೇಳಲಿ.